ಮಾನದಂಡಕ್ಕೆ ಸಿಕ್ಕಿಬಿದ್ದ ಪ್ರಭಾರಿಗಳು

ಷಡ್ಡಕ ಎಂಬ ಸಂಬಂಧವನ್ನು ಯಾರು ಕಂಡುಹಿಡಿದರೋ, ಅವರಿಗೆ ಗಂಡಸರು ನೆಮ್ಮದಿಯಿಂದಿರುವುದು ಇಷ್ಟವಿರಲಿಲ್ಲವೆಂದೇ ತೋರುತ್ತದೆ. ಹೆಂಡತಿಯ ತಂಗಿಯ ಗಂಡ ಎಂದರೆ ಅಣ್ಣನೂ ಅಲ್ಲ, ತಮ್ಮನೂ ಅಲ್ಲ. ಜಗಳವಾಡಿ ಮಾತು ಬಿಡೋಣವೆಂದರೆ ಸ್ನೇಹಿತನೂ ಅಲ್ಲ. ಒಂದೇ ಮಾವನ ಮನೆಯ ಸೋಫಾದ ಮೇಲೆ ಅಕ್ಕಪಕ್ಕ ಕೂರಿಸಿ, ಇಬ್ಬರಲ್ಲಿ ಯಾರು ಹೆಚ್ಚು ಎಂದು ಬಂದವರೆಲ್ಲ ನೋಡಿಕೊಂಡು ಹೋಗಲು ಮಾಡಿದ ಏರ್ಪಾಟು ಅದು. ನಮ್ಮ ಪ್ರಭಾರಿಗಳು ಆ ಸೋಫಾದ ಎಡತುದಿಯಲ್ಲಿ ಬಹಳ ವರ್ಷ ಕೂತು ಬೆಂದವರು.

ಪ್ರಭಾರಿ ಎಂಬುದು ಅವರ ಹೆಸರಲ್ಲ. ವಿಶ್ವವಿದ್ಯಾಲಯದ ಉದ್ಯೋಗ ಮಾರ್ಗದರ್ಶನ ಕೇಂದ್ರಕ್ಕೆ ಸರಿಯಾದ ನಿರ್ದೇಶಕರು ಸಿಗುವವರೆಗೆ ನೀವೇ ನೋಡಿಕೊಳ್ಳಿ ಎಂದು ಅವರನ್ನು 'ಪ್ರಭಾರ ನಿರ್ದೇಶಕ'ರನ್ನಾಗಿ ಕೂರಿಸಿದ್ದರು. ನಿರ್ದೇಶಕರು ಸಿಗಲಿಲ್ಲ, ಯಾರೂ ಹುಡುಕಲೂ ಇಲ್ಲ. ಹಾಗಾಗಿ ಹುದ್ದೆಗೆ ಅಂಟಿದ್ದ 'ಪ್ರಭಾರ' ಮನುಷ್ಯನಿಗೂ ಅಂಟಿಕೊಂಡು, ಕಡೆಗೆ ಹಾಲು ಹಾಕುವವನೂ "ಪ್ರಭಾರಿಗಳು ಮನೇಲಿದಾರಾ?" ಎಂದು ಕೇಳುವ ಮಟ್ಟಕ್ಕೆ ಬಂದಿತ್ತು. ಕೇಂದ್ರವಿದ್ದದ್ದು ಗ್ರಂಥಾಲಯದ ಮೆಟ್ಟಿಲ ಕೆಳಗೆ. ಅಲ್ಲಿಗೆ ಬರುವ ವಿದ್ಯಾರ್ಥಿಗಳಲ್ಲಿ ಮುಕ್ಕಾಲು ಪಾಲು ಜೆರಾಕ್ಸ್ ಎಲ್ಲಿ ಮಾಡಿಸಬೇಕೆಂದು ಕೇಳುತ್ತಿದ್ದರು. ಪ್ರಭಾರಿಗಳು ಎದ್ದು ಬಾಗಿಲವರೆಗೆ ಬಂದು ದಾರಿ ತೋರಿಸುತ್ತಿದ್ದರು. ಮಾರ್ಗದರ್ಶನ ಎಂದರೆ ಅದೂ ಮಾರ್ಗದರ್ಶನವೇ ತಾನೆ?

ಸೋಫಾದ ಬಲತುದಿಯವರು ಮೇಷ್ಟ್ರು. ಪ್ರೌಢಶಾಲೆಯಲ್ಲಿ ಪಾಠ ಹೇಳುವವರು, ಪ್ರಭಾರಿಗಳಿಗಿಂತ ಚಿಕ್ಕವರು, ಯಾರು ಏನು ಹೇಳಿದರೂ ನಂಬುವ ಸಾಧು ಪ್ರಾಣಿ. ಅವರು ತಮ್ಮ ಶಾಲೆಯ ಮಕ್ಕಳಿಗೆ ಮುಂದೆ ಯಾವ ಕೆಲಸ ಹಿಡಿಯಬೇಕೆಂದು ತಿಳಿಸಿಕೊಡಲು ಎಂಟು ಮಾನದಂಡಗಳನ್ನು ಮಾಡಿದ್ದರು. ಪ್ರತಿ ಮಗುವೂ ದುಡಿಯುವ ಜನರನ್ನು ಕಂಡು ಮಾತಾಡಬೇಕು, ಕೆಲಸದ ಜಾಗಕ್ಕೆ ಹೋಗಿ ನೋಡಬೇಕು, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಬೇಕು, ಒಂದು ದಾರಿ ಹಿಡಿಯುವವರೆಗೆ ಕೈಬಿಡಬಾರದು, ಇಂಥವು. ಅದು ಪತ್ರಿಕೆಯಲ್ಲಿ ಬಂತು, ಮೇಷ್ಟ್ರ ಫೋಟೋ ಸಮೇತ. ಮಾವ ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಅಂದಿನಿಂದ ಪ್ರಭಾರಿಗಳಿಗೆ ಮಾವನ ಮನೆಯಲ್ಲಿ ತಣ್ಣೀರು ಕುಡಿದರೂ ಹೊಟ್ಟೆ ಉರಿಯುತ್ತಿತ್ತು.

ಹೀಗಿರುವಾಗ ಕುಲಪತಿಗಳು ಹೇಳಿ ಕಳಿಸಿದರು.

"ಆ ಶಾಲೆಯವರದು ಓದಿದ್ರಾ? ಎಂಟು ಮಾನದಂಡ. ಎಷ್ಟು ಚೆನ್ನಾಗಿದೆ. ಅದನ್ನೇ ನಮ್ಮ ಹುಡುಗರಿಗೆ ಹೊಂದಿಸಿ ಕೊಡಿ. ದೊಡ್ಡ ಮಕ್ಕಳು, ಅಷ್ಟೇ ವ್ಯತ್ಯಾಸ."

"ನಾವೇ ಸ್ವತಂತ್ರವಾಗಿ ಏನಾದ್ರೂ..." ಎಂದು ಪ್ರಭಾರಿಗಳು ರಾಗ ಎಳೆದರು.

"ಸ್ವತಂತ್ರವಾಗಿ ಬಹಳ ವರ್ಷ ಇದ್ರಲ್ಲ. ಮುಂದಿನ ಸಭೆಗೆ ತನ್ನಿ. ಚೆನ್ನಾಗಿದ್ರೆ ನಿಮ್ಮ ಪ್ರಭಾರ ತೆಗೆದು ಪೂರ್ತಿ ನಿರ್ದೇಶಕರನ್ನಾಗಿ ಮಾಡ್ತೀವಿ. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಆ ಶಾಲೆ ಮೇಷ್ಟ್ರನ್ನೇ ಕರೆಸಿ ಕೂರಿಸ್ತೀವಿ."

ಆ ಶಾಲೆಯ ಮೇಷ್ಟ್ರು ನನ್ನ ಷಡ್ಡಕರು ಎಂದು ಪ್ರಭಾರಿಗಳು ತುಟಿ ಪಿಟಕ್ಕೆನ್ನಲಿಲ್ಲ. ಅವರ ಕಣ್ಣ ಮುಂದೆ ಬಂದದ್ದು ತಮ್ಮ ಕುರ್ಚಿ, ಅದರಲ್ಲಿ ಮೇಷ್ಟ್ರು, ಮತ್ತು ಆ ದೃಶ್ಯದ ಫೋಟೋ ಅಂಟಿಸಲು ಫ್ರಿಜ್ಜಿನ ಮೇಲೆ ಜಾಗ ಮಾಡುತ್ತಿರುವ ಮಾವ.

"ಒಂದು ಫೋನ್ ಮಾಡಿ ಕೇಳಿದ್ರೆ ಮುಗೀತಲ್ಲ," ಎಂದರು ಹೆಂಡತಿ. "ಅವರು ಇಲ್ಲ ಅನ್ನೋರಲ್ಲ."

ಇಲ್ಲ ಅನ್ನುವವರಲ್ಲ ಎಂಬುದೇ ಕಷ್ಟ. ಮೇಷ್ಟ್ರು ಇಲ್ಲ ಎಂದಿದ್ದರೆ ಪ್ರಭಾರಿಗಳು ಸಂತೋಷವಾಗಿ ಮಾತು ಬಿಡುತ್ತಿದ್ದರು. ಆದ್ದರಿಂದ ಅವರು ಸ್ವಂತ ಬುದ್ಧಿಯನ್ನೇ ನಂಬಿ, ಶಾಲೆಯ ವೆಬ್‌ಸೈಟಿನಿಂದ ಆ ಮಾನದಂಡಗಳನ್ನು ಇಳಿಸಿಕೊಂಡು, 'ಮಗು' ಎಂದಿದ್ದ ಕಡೆಯೆಲ್ಲ 'ವಿದ್ಯಾರ್ಥಿ' ಎಂದು ಮಾಡಿ ಟೈಪಿಗೆ ಕೊಟ್ಟರು. ಸಂಜೆಯೊಳಗೆ ಟೈಪಿಸ್ಟ್ ಹೆಂಗಸು ಬಂದು ನಿಂತರು.

"ಸರ್, ಕೆಲಸದ ಜಾಗಕ್ಕೆ ಹೋಗುವಾಗ ವಿದ್ಯಾರ್ಥಿಗಳು ಜೋಡಿಜೋಡಿಯಾಗಿ ಕೈ ಹಿಡ್ಕೊಂಡು ರಸ್ತೆ ದಾಟಬೇಕು ಅಂತಿದೆ."

"ಸುರಕ್ಷತೆ ಒಳ್ಳೇದೇ ಅಲ್ವಾ?"

"ಹೊರಡೋ ಮುಂಚೆ ಎಲ್ಲರನ್ನೂ ಸಾಲಾಗಿ ಶೌಚಾಲಯಕ್ಕೆ ಕರ್ಕೊಂಡು ಹೋಗ್ಬೇಕು ಅಂತಾನೂ ಇದೆ. ಪಿಎಚ್‌ಡಿ ಮಾಡೋರಿಗೂ ಹಾಗೇನಾ ಸರ್? ಅವರಲ್ಲಿ ಒಬ್ಬರಿಗೆ ಮೊಮ್ಮಗ ಇದಾನೆ."

ಪ್ರಭಾರಿಗಳು ಹಾಳೆಗಳನ್ನು ಕಿತ್ತುಕೊಂಡರು. ಶಬ್ದ ಬದಲಾಯಿಸಿದರೆ ಸಾಲದು, ಆ ಮೇಷ್ಟ್ರು ಒಳಗೆ ಏನು ನಡೆಸುತ್ತಿದ್ದಾರೆಂದು ಕಣ್ಣಾರೆ ನೋಡಬೇಕು ಎಂದು ತೀರ್ಮಾನಿಸಿದರು. ಆ ಶಾಲೆಯಲ್ಲಿ ವಾರಕ್ಕೊಮ್ಮೆ ದುಡಿಯುವ ಜನರನ್ನು ಕರೆಸಿ ಮಕ್ಕಳೆದುರು ಕೂರಿಸುವ ಪದ್ಧತಿಯಿತ್ತು. ಅಂಥ ಒಂದು ದಿನ ಅರ್ಧ ರಜೆ ಹಾಕಿ, ತಲೆಗೆ ಟೋಪಿ ಹಾಕಿ, ಕಳ್ಳನ ಹಾಗೆ ಶಾಲೆಯ ಗೇಟು ಹೊಕ್ಕರು.

ಕಳ್ಳರಿಗೆ ಆ ಶಾಲೆಯಲ್ಲಿ ಸಿಗುವ ಮರ್ಯಾದೆ ಬೇರೆಲ್ಲೂ ಸಿಗದು. ಗೇಟಿನಲ್ಲಿದ್ದ ಟೀಚರಮ್ಮ "ಬನ್ನಿ ಬನ್ನಿ, ನಿಮಗೇ ಕಾಯ್ತಾ ಇದ್ವಿ" ಎಂದು ಒಳಗೆ ಕರೆದೊಯ್ದು, ಮಕ್ಕಳು ಕೂರುವ ಪುಟ್ಟ ಕುರ್ಚಿಯಲ್ಲಿ ಅವರನ್ನು ತುರುಕಿದರು. ಅವರ ಎಡಕ್ಕೆ ಒಬ್ಬ ವೆಲ್ಡರ್, ಬಲಕ್ಕೆ ಒಬ್ಬರು ನರ್ಸಮ್ಮ. ವೆಲ್ಡರನ ಸುತ್ತ ಮಕ್ಕಳು ಮುತ್ತಿಕೊಂಡಿದ್ದರು. ಪ್ರಭಾರಿಗಳ ಪಾಲಿಗೆ ಕನ್ನಡಕ ಹಾಕಿದ ಒಬ್ಬಳು ಹುಡುಗಿ ಬಂದಳು.

"ನೀವು ಏನು ಕೆಲಸ ಮಾಡ್ತೀರಾ ಅಂಕಲ್?"

"ಜನರಿಗೆ ಕೆಲಸ ಸಿಗೋದಕ್ಕೆ ಮಾರ್ಗದರ್ಶನ ಮಾಡ್ತೀನಮ್ಮ."

"ಯಾರ್ಯಾರಿಗೆ ಸಿಕ್ತು?"

"ಅದು ಹಾಗೆ ಹೇಳಕ್ಕಾಗಲ್ಲ. ಅದೊಂದು ನಿರಂತರ ಪ್ರಕ್ರಿಯೆ."

"ಬೆಳಿಗ್ಗೆ ಆಫೀಸಿಗೆ ಹೋಗಿ ಮೊದಲು ಏನು ಮಾಡ್ತೀರಾ?"

"ಫ್ಯಾನ್ ಹಾಕ್ತೀನಿ."

"ಆಮೇಲೆ?"

"ಆಮೇಲೆ... ಕೂತ್ಕೋತೀನಿ."

ಹುಡುಗಿ "ನಿಮ್ಮ ಕೆಲಸ ಕಲಿಯೋದಕ್ಕೆ ಎಷ್ಟು ಓದಬೇಕು?" ಎಂದಳು. ಎರಡು ಸ್ನಾತಕೋತ್ತರ ಪದವಿ ಎಂದು ಹೇಳಲು ಪ್ರಭಾರಿಗಳಿಗೆ ಅದೇಕೋ ನಾಲಿಗೆ ಹೊರಳಲಿಲ್ಲ. ಅವಳು "ಥ್ಯಾಂಕ್ಯೂ ಅಂಕಲ್" ಎಂದು ವೆಲ್ಡರನ ಗುಂಪಿಗೆ ಓಡಿದಳು. ವೆಲ್ಡರನ ಮೇಲೂ ಪ್ರಭಾರಿಗಳಿಗೆ ಹೊಟ್ಟೆಕಿಚ್ಚಾಯಿತು. ಅದೇ ಹೊತ್ತಿಗೆ ಹೆಗಲ ಮೇಲೆ ಒಂದು ಕೈ ಬಿತ್ತು.

"ಭಾವ, ನೀವು ಇಲ್ಲಿ?"

ಮೇಷ್ಟ್ರು. ಪ್ರಭಾರಿಗಳು ಗಾಬರಿಯಿಂದ ಏಳಲು ಹೋದರೆ ಪುಟ್ಟ ಕುರ್ಚಿಯೂ ಜೊತೆಗೇ ಎದ್ದಿತು. ನಿಮ್ಮ ಮಾನದಂಡ ನೋಡಿಕೊಂಡು ಹೋಗಲು ಬಂದೆ ಎನ್ನುವುದಕ್ಕಿಂತ ನೆಲ ಬಾಯಿ ಬಿಡುವುದು ವಾಸಿಯಾಗಿತ್ತು. ಸುಳ್ಳು ಹೇಳುವುದಕ್ಕೂ ಅಭ್ಯಾಸ ಬೇಕು. ಅಭ್ಯಾಸವಿಲ್ಲದವರು ಅವಸರದಲ್ಲಿ ಕೈಗೆ ಸಿಕ್ಕ ದೊಡ್ಡ ಸುಳ್ಳನ್ನೇ ಎತ್ತಿಕೊಂಡುಬಿಡುತ್ತಾರೆ.

"ಕೆಲಸ ಹುಡುಕ್ತಾ ಇದೀನಿ ಮೇಷ್ಟ್ರೇ," ಎಂದರು ಪ್ರಭಾರಿಗಳು. "ಅಲ್ಲಿದು ಇನ್ನೇನು ಹೋದ ಹಾಗೇ. ಇಲ್ಲಿ ಕೆಲಸ ಮಾಡೋರೆಲ್ಲ ಬರ್ತಾರಲ್ಲ, ಎಲ್ಲಾದ್ರೂ ಖಾಲಿ ಇದ್ರೆ ವಿಚಾರಿಸೋಣ ಅಂತ ಬಂದೆ."

ಮೇಷ್ಟ್ರ ಮುಖ ಕರಗಿ ನೀರಾಯಿತು. ಹಿಂದಿನಿಂದ ಕುರ್ಚಿಯನ್ನು ಮೆಲ್ಲನೆ ಬಿಡಿಸಿ, ಪ್ರಭಾರಿಗಳನ್ನು ಮೂಲೆಗೆ ಕರೆದುಕೊಂಡು ಹೋಗಿ, "ಮನೇಲಿ ಗೊತ್ತಾ?" ಎಂದರು.

"ಇಲ್ಲ. ದಯವಿಟ್ಟು ಯಾರಿಗೂ ಹೇಳ್ಬೇಡಿ."

"ಪ್ರಾಣ ಹೋದ್ರೂ ಹೇಳಲ್ಲ. ನೀವು ಧೈರ್ಯವಾಗಿರಿ ಭಾವ. ನಾನಿದೀನಿ."

ಮೇಷ್ಟ್ರು ಕೊಟ್ಟ ಮಾತಿಗೆ ತಪ್ಪುವವರಲ್ಲ. ತಮ್ಮ ಹೆಂಡತಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಆ ಹೆಂಡತಿ ತಮ್ಮ ಅಕ್ಕನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ, ಅಪ್ಪನಿಗೆ ಅಂತೂ ಅರ್ಧ ಮಾತ್ರ ಹೇಳಿದರು. ಉಳಿದರ್ಧವನ್ನು ಮಾವ ತಾವೇ ಸೇರಿಸಿಕೊಂಡರು. ಪ್ರಭಾರಿಗಳು ಮನೆ ತಲುಪುವ ಹೊತ್ತಿಗೆ ಹೆಂಡತಿ ಬಾಗಿಲಲ್ಲಿ ನಿಂತಿದ್ದರು.

"ಇಷ್ಟು ದೊಡ್ಡ ವಿಷಯ ನನ್ನ ಹತ್ರ ಮುಚ್ಚಿಟ್ರಾ? ದಿನಾ ಬೆಳಿಗ್ಗೆ ಇಸ್ತ್ರಿ ಶರ್ಟು ಹಾಕ್ಕೊಂಡು ಎಲ್ಲಿಗೆ ಹೋಗ್ತಿದ್ರಿ?"

"ಆಫೀಸಿಗೇ ಕಣೇ."

"ಇನ್ನೂ ಸುಳ್ಳು ಹೇಳ್ತೀರಲ್ಲ," ಎಂದು ಅವರು ಅಳಲು ಶುರುಮಾಡಿದರು.

ನಿಜ ಹೇಳಿಬಿಡಬಹುದಿತ್ತು. ಹೇಳಿದರೆ ಅದು ತಂಗಿಗೆ ಹೋಗುತ್ತದೆ, ತಂಗಿಯಿಂದ ಮೇಷ್ಟ್ರಿಗೆ ಹೋಗುತ್ತದೆ, ಷಡ್ಡಕನ ವಿದ್ಯೆ ಕದಿಯಲು ಟೋಪಿ ಹಾಕಿಕೊಂಡು ಹೋದವನೆಂದು ಮಾವನ ಮನೆಯ ಸೋಫಾಕ್ಕೆಲ್ಲ ಗೊತ್ತಾಗುತ್ತದೆ. ಕೆಲಸ ಹೋದವನೆಂಬ ಹೆಸರೇ ಮೇಲು ಎಂದು ಪ್ರಭಾರಿಗಳು ಸುಮ್ಮನಾದರು. ಹೊಟ್ಟೆಕಿಚ್ಚಿನ ಮನುಷ್ಯ ಎಂಥ ನಷ್ಟವನ್ನಾದರೂ ತಡೆದುಕೊಳ್ಳುತ್ತಾನೆ.

ಮರುದಿನದಿಂದ ಬೀದಿಯವರೆಲ್ಲ ಅವರನ್ನು ಕಂಡರೆ ದನಿ ತಗ್ಗಿಸಿ ಮಾತಾಡತೊಡಗಿದರು. ಎದುರುಮನೆಯ ಹಾರ್ಡ್‌ವೇರ್ ಅಂಗಡಿಯವರು ಗೇಟಿನ ಹತ್ತಿರ ತಡೆದರು.

"ನಮ್ಮ ಅಂಗಡೀಲಿ ಬಂದು ಕೂತ್ಕೊಳ್ಳಿ ಸಾರ್. ಮೊಳೆ ತೂಗೋದು, ಪೈಪ್ ಅಳೆಯೋದು, ಅಷ್ಟೇ. ಓದಿದೋರು, ಬೇಗ ಕಲ್ತುಬಿಡ್ತೀರಾ."

"ಬೇಡ, ನಾನು ಆಫೀಸಿಗೆ ಹೊರಟಿದೀನಿ."

"ಹೂಂ ಹೂಂ, ಹೋಗ್ಬನ್ನಿ," ಎಂದರು ಅಂಗಡಿಯವರು, ಹುಚ್ಚರನ್ನು ಸಮಾಧಾನ ಮಾಡುವ ದನಿಯಲ್ಲಿ.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಬಂದರು. ಅವರ ಮಾನದಂಡದ ಪ್ರಕಾರ ಸಹಾಯ ಕೇಳಿ ಬಂದವರನ್ನು ಯಾಕೆ ಏನು ಎಂದು ಕೆದಕುವ ಹಾಗಿಲ್ಲ, ಒಂದು ನೆಲೆ ಕಾಣುವವರೆಗೆ ಬಿಡುವ ಹಾಗೂ ಇಲ್ಲ. ಮಕ್ಕಳಿಗೆ ಮಾಡಿದ್ದನ್ನೇ ಭಾವನಿಗೂ ಮಾಡುವುದೆಂದು ಅವರು ನಿರ್ಧರಿಸಿಬಿಟ್ಟಿದ್ದರು. ಮೊದಲು ಒಂದು ಬೇಕರಿಯನ್ನು ನೋಡಲು ಹೋದರು. ಪೋಷಕರಿರಬೇಕೆಂಬ ನಿಯಮವಿದ್ದದ್ದರಿಂದ ಮಾವನೂ ಬಂದರು. ಬೇಕರಿಯ ಯಜಮಾನ ಒಲೆಯ ಮುಂದೆ ನಿಂತು, "ಇವರಿಗೆ ಬಿಸಿ ತಡೆಯೋದಕ್ಕಾಗುತ್ತಾ?" ಎಂದು ಕೇಳಿದ. "ತಡೀತಾನೆ, ನಾನು ಹೇಳ್ತೀನಲ್ಲ," ಎಂದರು ಮಾವ. "ಬೆಳಿಗ್ಗೆ ಬೇಗ ಏಳ್ತಾರಾ?" "ಏಳಿಸ್ತೀವಿ." "ಮುಂಚೆ ಏನು ಮಾಡ್ತಿದ್ರು?" "ಏನೂ ಇಲ್ಲ," ಎಂದರು ಮಾವ, ಪ್ರಾಮಾಣಿಕವಾಗಿ.

ಹೊರಗೆ ಬಂದ ಮೇಲೆ ಮೇಷ್ಟ್ರು ತಲೆ ಕೆರೆದುಕೊಂಡರು. "ಇಲ್ಲೇ ತಪ್ಪಾಯ್ತು ಭಾವ. ಮಕ್ಕಳ ಜೊತೆ ದೊಡ್ಡೋರು ಇದ್ರೆ ಅವಕ್ಕೆ ಧೈರ್ಯ. ದೊಡ್ಡೋರ ಜೊತೆ ಮನೆಯವರು ಬಂದ್ರೆ ಅವರ ಬಾಯಿಗೇ ಬೀಗ. ದೊಡ್ಡೋರು ಒಬ್ಬರೇ ಬರಬೇಕು."

ಪ್ರಭಾರಿಗಳ ಕಿವಿ ನೆಟ್ಟಗಾಯಿತು. ಮನೆಗೆ ಬಂದವರೇ ಕೋಣೆಯ ಬಾಗಿಲು ಹಾಕಿಕೊಂಡು ಆ ಮಾತನ್ನು ಹಾಗೇ ಬರೆದುಕೊಂಡರು.

ಮುಂದೆ ಪ್ರತಿ ಸಂಜೆಯೂ ಇದೇ ಕೆಲಸವಾಯಿತು. ಮೇಷ್ಟ್ರು ಅವರನ್ನು ಪ್ರಿಂಟಿಂಗ್ ಪ್ರೆಸ್ಸಿಗೆ ಕರೆದುಕೊಂಡು ಹೋದರು, ಔಷಧಿ ಗೋಡೌನಿಗೆ ಕರೆದುಕೊಂಡು ಹೋದರು, ಪಾರ್ಕಿನ ಬೆಂಚಿನ ಮೇಲೆ ಕೂರಿಸಿಕೊಂಡು ತಾಳ್ಮೆಯಿಂದ ಕೇಳಿದರು. "ಮಕ್ಕಳನ್ನ ಮುಂದೆ ಏನಾಗ್ತೀಯಾ ಅಂತ ಕೇಳ್ತೀವಿ. ನಿಮ್ಮನ್ನ ಹಾಗೆ ಕೇಳಿದ್ರೆ ನಿಮಗೆ ಅವಮಾನ ಆಗುತ್ತೆ, ಮುಖ ನೋಡಿದ್ರೇ ಗೊತ್ತಾಯ್ತು. ದೊಡ್ಡೋರನ್ನ, ಈಗಾಗಲೇ ನಿಮ್ಮ ಕೈಯಲ್ಲಿ ಏನಿದೆ ಅಂತ ಕೇಳಬೇಕು. ಹೇಳಿ ಭಾವ, ನಿಮಗೆ ಏನು ಬರುತ್ತೆ?"

ಪ್ರಭಾರಿಗಳು ಎಣಿಸಲು ಬೆರಳು ಮಡಚಿ, ಒಂದಕ್ಕೇ ನಿಂತರು. "ದಾರಿ ಚೆನ್ನಾಗಿ ಹೇಳ್ತೀನಿ," ಎಂದರು ಕಡೆಗೆ.

"ಅದು ಸಣ್ಣ ವಿಷಯ ಅಲ್ಲ," ಎಂದರು ಮೇಷ್ಟ್ರು, ಮನಸ್ಸಿನಿಂದಲೇ.

ಇಷ್ಟು ಚೆನ್ನಾಗಿ ಮಾಡುವ ಅಗತ್ಯವಾದರೂ ಏನಿತ್ತು ಈ ಮನುಷ್ಯನಿಗೆ? ಬಿಟ್ಟಿಯಾಗಿ ಮಾನದಂಡ ಸಿಗುತ್ತಿದೆಯಲ್ಲ ಎಂದು ಪ್ರಭಾರಿಗಳು ಒಂದು ಕಡೆ ಹಿಗ್ಗಿದರೆ, ಅದನ್ನು ಕೊಡುವವನ ಒಳ್ಳೆಯತನ ನೋಡಿ ಇನ್ನೊಂದು ಕಡೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಮೊದಲೆಲ್ಲ ಷಡ್ಡಕನ ಹೆಸರಿನ ಮೇಲಷ್ಟೇ ಹೊಟ್ಟೆಕಿಚ್ಚಿತ್ತು. ಈಗ ಅವನ ಗುಣದ ಮೇಲೂ ಶುರುವಾಯಿತು.

ಸಭೆಯ ದಿನ ಬಂತು. ಪ್ರಭಾರಿಗಳು ಎದ್ದು ನಿಂತು ಓದಿದರು. ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಗುವಲ್ಲ. ಅವನು ಈಗಾಗಲೇ ಎಲ್ಲೋ ದುಡಿದಿರಬಹುದು, ಎಲ್ಲೋ ಸೋತಿರಬಹುದು. ಅವನನ್ನು ಮನೆಯವರ ಮುಂದೆ ಪ್ರಶ್ನಿಸಬಾರದು. ಕೆಲಸದ ಜಾಗ ತೋರಿಸಿದರೆ ಸಾಲದು, ಅಲ್ಲಿ ಒಂದು ಕೆಲಸ ಅವನ ಕೈಗೆ ಕೊಟ್ಟು ನೋಡಬೇಕು. ಪದವಿ ಕೈಗೆ ಕೊಟ್ಟ ಮೇಲೂ, ನೆಲೆ ಕಾಣುವವರೆಗೆ ಬಾಗಿಲು ತೆರೆದಿರಬೇಕು. ಸಾಮಾನ್ಯವಾಗಿ ತೂಕಡಿಸುವ ಗಣಿತದ ಪ್ರೊಫೆಸರರೂ ಎಚ್ಚರವಾಗಿದ್ದರು.

"ಅದ್ಭುತ," ಎಂದರು ಕುಲಪತಿಗಳು. "ಇದನ್ನ ಯಾರ ಮೇಲಾದ್ರೂ ಮಾಡಿ ನೋಡಿದೀರಾ?"

"ನೋಡಿದೀನಿ ಸರ್. ಒಬ್ಬರು ಮಧ್ಯವಯಸ್ಕರ ಮೇಲೆ."

"ಗೊತ್ತು," ಎಂದರು ಕುಲಪತಿಗಳು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು. "ನಿಮ್ಮ ಮಾವನೋರು ನಿನ್ನೆ ನನ್ನ ಹತ್ರ ಬಂದಿದ್ರು."

ಪ್ರಭಾರಿಗಳು ಕೈಯಲ್ಲಿದ್ದ ಹಾಳೆಗಳನ್ನು ಮಡಚಿಟ್ಟರು.

"ನನ್ನ ಅಳಿಯನ್ನ ಮತ್ತೆ ಸೇರಿಸಿಕೊಳ್ಳಿ ಸ್ವಾಮಿ, ಬೇಕರಿಯವರೂ ಬೇಡ ಅಂದ್ರು ಅಂತ ಕಣ್ಣೀರು ಹಾಕಿದ್ರು. ನಾನು ಆವತ್ತು ಅಂದ ಮಾತನ್ನ ನೀವು ಅಷ್ಟು ಮನಸ್ಸಿಗೆ ಹಚ್ಚಿಕೊಂಡು ಬೀದಿಬೀದಿ ಕೆಲಸ ಹುಡುಕ್ತೀರಿ ಅಂತ ನಾನಂದುಕೊಂಡಿರಲಿಲ್ಲ. ಆದ್ರೆ ಒಂದು ಹೇಳ್ತೀನಿ. ಆ ಕುರ್ಚೀಲಿ ಕೂರೋರಿಗೆ ಕೆಲಸ ಇಲ್ಲದವರ ಸಂಕಟ ಗೊತ್ತಿರಬೇಕು. ನಿಮಗೆ ಗೊತ್ತಿದೆ. ಹೌದು ತಾನೆ? ಗೊತ್ತಿಲ್ಲ ಅನ್ನೋದಾದ್ರೆ ಈಗಲೇ ಹೇಳಿ, ಆ ಮೇಷ್ಟ್ರಿಗೆ ಬರೆದುಬಿಡೋಣ."

ಸಭೆಯ ಕಣ್ಣೆಲ್ಲ ಅವರ ಮೇಲಿತ್ತು. ಗಣಿತದ ಪ್ರೊಫೆಸರರು ಕರವಸ್ತ್ರದಿಂದ ಮೂಗು ಒರೆಸಿಕೊಂಡರು. ಒಂದು ದಿನವೂ ಕೆಲಸ ಕಳೆದುಕೊಳ್ಳದ ಮನುಷ್ಯ, ಕೆಲಸ ಕಳೆದುಕೊಂಡವನೆಂದು ಒಪ್ಪದೇ ಹೋದರೆ ಈಗ ನಿಜವಾಗಿ ಕಳೆದುಕೊಳ್ಳಬೇಕಿತ್ತು. ಪ್ರಭಾರಿಗಳು ತಲೆ ತಗ್ಗಿಸಿ, "ಬಹಳ ಚೆನ್ನಾಗಿ ಗೊತ್ತಿದೆ ಸರ್," ಎಂದರು. ಅಲ್ಲಿಗೆ ಅವರ ಪ್ರಭಾರ ಕಳೆಯಿತು.

ಸಂಜೆ ಮನೆ ತುಂಬ ಜನ. ಅಳಿಯನಿಗೆ ಕೆಲಸ ಸಿಕ್ಕಿತೆಂದು ಮಾವ ಬೀದಿಗೆಲ್ಲ ಬಿಸ್ಕತ್ತು ಹಂಚುತ್ತಿದ್ದರು. ಹಾರ್ಡ್‌ವೇರ್ ಅಂಗಡಿಯವರು ಬಂದು, "ಒಳ್ಳೇದಾಯ್ತು ಸಾರ್, ನಮ್ಮಲ್ಲಿ ಬೇರೆಯೋರನ್ನ ಇಟ್ಕೊಂಡ್ವಿ," ಎಂದು ಹೇಳಿ ಹೋದರು. ನಿರ್ದೇಶಕರಾದ ಸಂತೋಷವನ್ನು ಪೂರ್ತಿ ಅನುಭವಿಸಲು ಯಾರೂ ಬಿಡದಿದ್ದರಿಂದ ಪ್ರಭಾರಿಗಳು ಬಾಲ್ಕನಿಗೆ ಬಂದು ನಿಂತರು. ಹಿಂದೆಯೇ ಮೇಷ್ಟ್ರು ಬಂದರು.

"ಭಾವ, ನಿಮ್ಮ ಹತ್ರ ಒಂದು ಮಾತು ಹೇಳಬೇಕಿತ್ತು. ತಪ್ಪು ತಿಳ್ಕೋಬಾರದು."

"ಹೇಳಿ."

"ಇಷ್ಟು ವರ್ಷ ನನಗೆ ನಿಮ್ಮ ಮೇಲೆ ವಿಪರೀತ ಹೊಟ್ಟೆಕಿಚ್ಚಿತ್ತು."

ಪ್ರಭಾರಿಗಳು ಬಾಲ್ಕನಿಯ ಕಂಬಿ ಹಿಡಿದುಕೊಂಡರು. ಇಷ್ಟು ಇಂಪಾದ ಮಾತನ್ನು ಅವರು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ನನ್ನ ಮೇಲೆ?"

"ಹೂಂ. ನೀವು ವಿಶ್ವವಿದ್ಯಾಲಯದೋರು. ನಾನು ಬರೀ ಸ್ಕೂಲ್ ಮೇಷ್ಟ್ರು. ಮಾವನ ಮನೇಲಿ ನಿಮ್ಮ ಪಕ್ಕ ಕೂತ್ರೆ ನನಗೆ ಊಟ ಇಳೀತಿರಲಿಲ್ಲ. ಆ ಎಂಟು ಮಾನದಂಡ ಮಾಡಿದ್ದೂ ನಿಮ್ಮ ಸಮ ಅನ್ನಿಸ್ಕೋಬೇಕು ಅಂತಾನೇ."

"ಊಟ ಪೂರ್ತಿ ಇಳೀತಿರಲಿಲ್ವಾ, ಸ್ವಲ್ಪ ಇಳೀತಿತ್ತಾ?" ಎಂದು ಪ್ರಭಾರಿಗಳು ಆಸೆಯಿಂದ ಕೇಳಿದರು.

"ಪೂರ್ತಿ. ನಿದ್ದೇನೂ ಬರ್ತಿರಲಿಲ್ಲ."

"ಅಯ್ಯೋ ಪಾಪ," ಎಂದರು ಪ್ರಭಾರಿಗಳು. ಅವರ ಮುಖ ಊರಗಲವಾಗಿತ್ತು. "ಈಗಲೂ ಹಾಗೇನಾ?"

"ಈಗ ಒಂಚೂರೂ ಇಲ್ಲ ಭಾವ. ಆವತ್ತು ಆ ಸಣ್ಣ ಕುರ್ಚಿ ಸಮೇತ ಎದ್ದು ನಿಂತು, ಕೆಲಸ ಹುಡುಕ್ತಾ ಇದೀನಿ ಅಂದ್ರಲ್ಲ, ಆವತ್ತೇ ಎಲ್ಲ ಹೋಯ್ತು. ಪಾಪ ಅನ್ನಿಸಿಬಿಡ್ತು. ಈಗ ನೆಮ್ಮದಿಯಾಗಿ ಮಲಗ್ತೀನಿ."

ಇಷ್ಟು ವರ್ಷ ಗೊತ್ತೇ ಇಲ್ಲದೆ ತಮ್ಮ ಪಾಲಿಗಿದ್ದ ಷಡ್ಡಕನ ಹೊಟ್ಟೆಕಿಚ್ಚನ್ನು, ಗೊತ್ತಾಗುವ ಮೊದಲೇ ಪ್ರಭಾರಿಗಳು ತಮ್ಮ ಬಾಯಿಂದಲೇ ಕಳೆದುಕೊಂಡಿದ್ದರು. ಹುದ್ದೆ, ಕುರ್ಚಿ, ನಿರ್ದೇಶಕನೆಂಬ ಹೆಸರು, ಎಲ್ಲವೂ ಆ ಕ್ಷಣ ಅವರಿಗೆ ಬೇಡವೆನಿಸಿತು. ಬೇಕಾದದ್ದು ಅದೊಂದೇ.

"ಮೇಷ್ಟ್ರೇ, ಕೇಳಿ," ಎಂದು ಅವರು ಷಡ್ಡಕನ ಎರಡೂ ತೋಳು ಹಿಡಿದುಕೊಂಡರು. "ನಾನು ಕೆಲಸ ಹುಡುಕ್ತಾನೇ ಇರಲಿಲ್ಲ. ನನ್ನ ಕೆಲಸ ಹೋಗೇ ಇರಲಿಲ್ಲ. ನಿಮ್ಮ ಮಾನದಂಡ ಕದಿಯೋಕೆ ಬಂದಿದ್ದೆ. ಬಾಯಿಬಿಟ್ಟು ಕೇಳೋದಕ್ಕೆ ಹೊಟ್ಟೆಕಿಚ್ಚು ಬಿಡಲಿಲ್ಲ. ನೀವು ಬೆಂಚಿನ ಮೇಲೆ ಹೇಳಿದ್ದನ್ನೆಲ್ಲ ನಾನೇ ಮಾಡಿದ್ದು ಅಂತ ಸಭೇಲಿ ಓದಿಬಿಟ್ಟೆ. ಇದು ಸತ್ಯ. ನನ್ನಾಣೆ."

ಮೇಷ್ಟ್ರು ತಮ್ಮ ತೋಳು ಬಿಡಿಸಿಕೊಂಡು, ಅವರ ಬೆನ್ನು ಸವರಿದರು.

"ನಮ್ಮ ಮಕ್ಕಳೂ ಹೀಗೇ ಭಾವ. ಕೆಲಸ ಸಿಕ್ಕಿದ ದಿನ, ನನಗೇನೂ ಸಹಾಯ ಬೇಕಿರಲಿಲ್ಲ, ಸುಮ್ನೆ ಬಂದಿದ್ದೆ ಅಂತಾವೆ. ಅವಕ್ಕೂ ಒಂದು ಮಾನ ಇರುತ್ತಲ್ಲ. ನಾನು ಯಾವತ್ತೂ ಇಲ್ಲ ಅನ್ನೋಕೆ ಹೋಗಲ್ಲ."

"ನಿಜವಾಗ್ಲೂ ಕದ್ದೆ ಕಣ್ರೀ."

"ಆಯ್ತು, ಕದ್ರಿ," ಎಂದರು ಮೇಷ್ಟ್ರು, ಮೆತ್ತಗೆ. ಆಮೇಲೆ ಒಳಗೆ ಇಣುಕಿ, "ಅಕ್ಕ, ಭಾವನಿಗೆ ಒಂದು ಟೀ ಕೊಡಿ. ಸಕ್ಕರೆ ಸ್ವಲ್ಪ ಜಾಸ್ತಿ ಹಾಕಿ, ಬಹಳ ಬಳಲಿದಾರೆ," ಎಂದರು.